ಮೂರು ಚೀಲದ ಹೊಲಿಗೆ ಮಷಿನ್ನು

ಆಗೆಲ್ಲ ನಮ್ಮ ಕಡೆ ತೊಗರಿಯೇ ಎಲ್ಲದಕ್ಕೂ ಅಳತೆ. ಸೇಡಂ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರ ಮನೆಗೆ ಸೈಕಲ್ಲು ಬರಲಿ, ಪಂಪಸೆಟ್ಟು ಬರಲಿ, “ಎಷ್ಟು ಚೀಲ ಹೋತು?” ಎಂದೇ ಜನ ಕೇಳುತ್ತಿದ್ದರು.

ಸಂಕ್ರಾಂತಿಗೆ ಮುಂಚೆ ಓಣಿಯ ತುಂಬ ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿಯ ವಾಸನೆ. ನಾವು ಹುಡುಗಿಯರು ಬಿಸಿ ಕಾಯಿ ಉಡಿಯಲ್ಲಿ ಕಟ್ಟಿಕೊಂಡು ಕುಂಟಬಿಲ್ಲೆ ಆಡುತ್ತಿದ್ದೆವು. ಆ ವರ್ಷ ನನ್ನ ಗಮನ ಮಾತ್ರ ಆಟದ ಮೇಲೆ ಇರಲಿಲ್ಲ. ಅವ್ವನಿಗೆ ಹೊಲಿಗೆ ಮಷಿನ್ನು ಬರುವುದಿತ್ತು.

ತೆಂಗಳಿ ಊರಿಗೆ ಕೊಟ್ಟ ನಮ್ಮ ಚಿಗವ್ವ ಹಿಂದಿನ ಸುಗ್ಗಿಯಲ್ಲಿ ಮೂರು ಚೀಲ ತೊಗರಿ ಮಾರಿ ಮಷಿನ್ನು ತಂದಿದ್ದಳು. ಕೈಸೂಜಿಯಲ್ಲಿ ಕೌದಿ ಹೊಲಿದು ಹೊಲಿದು ಬೆರಳು ತೂತು ಮಾಡಿಕೊಂಡಿದ್ದ ಅವ್ವ ಅಪ್ಪನನ್ನು ಒಪ್ಪಿಸಿ ಮೂರು ಚೀಲ ಬೇರೆ ತೆಗೆದಿಟ್ಟಳು. ಅವ್ವ ಅಪ್ಪನ ಜೊತೆ ಬಂಡಿಯಲ್ಲಿ ಚೀಲಗಳ ಮೇಲೆ ಕೂತು ನಾನೂ ಸೇಡಂಗೆ ಹೋದೆ.

ಅಡತಿಯ, ಅಂದರೆ ಕಾಳಿನ ದಲಾಲಿ ಅಂಗಡಿಯ, ಸಾವಕಾರ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಕಡಿದು ಉಗುಳಿ ರೇಟು ಹೇಳಿದ. ಹಿಂದಿನ ವರ್ಷಕ್ಕಿಂತ ಕಡಿಮೆ.

“ಯಾಕ್ರಿ ಸಾವಕಾರ್ರ, ಕಾಳು ಚಲೋ ಅದ ಅಲ್ರಿ?” ಎಂದ ಅಪ್ಪ.

“ಕಾಳು ಚಲೋನೇ ಅದ. ಮುಂಬೈದಾಗ ರೇಟ್ ಬಿದ್ದದ. ನಾ ಏನು ಮಾಡ್ಲಿ?”

ಅವ್ವ ರಸ್ತೆ ದಾಟಿ ಮಷಿನ್ನಿನ ದುಕಾನಿಗೆ ಹೋದಳು. ನಾನೂ ಹಿಂದೆ ಓಡಿದೆ. ಅಲ್ಲಿಯವನು ನಗುತ್ತಲೇ ಹೇಳಿದ: “ಈ ವರ್ಷ ಕಂಪನಿಯವರು ರೇಟ್ ಏರಿಸ್ಯಾರ, ಅಕ್ಕಾ. ನಿಮ್ಮ ತೊಗರಿ ಲೆಕ್ಕದಾಗ ಐದು ಚೀಲ ಆಗ್ತದ.”

ಹೊಳ್ಳಿ ಬಂದ ಅವ್ವನ ಮುಖ ನಾನು ಮರೆತಿಲ್ಲ. ತುಂಬಿದ ಅಡತಿಯಲ್ಲಿ ನಿಂತು ಕೇಳಿದಳು: “ನಮ್ಮ ಮಾಲಿಗಿ ಇಷ್ಟೇ ರೇಟ್ ಅಂತ ತಗೊಳ್ಳೋರು ಠರಾಯಿಸ್ತೀರಿ. ಅವರ ಮಾಲಿಗಿ ಮಾರೋರು ಠರಾಯಿಸ್ತಾರ. ನಾವು ಎರಡೂ ಕಡಿ ಬಾಯಿ ಮುಚ್ಕೊಂಡು ನಿಂದ್ರಬೇಕೇನು?”

“ತಂಗೀ, ಸಿಟ್ಟಿಗೇಳಬ್ಯಾಡ. ಇದು ಬಜಾರು,” ಎಂದ ಸಾವಕಾರ.

“ಬಜಾರ್ ಅಂದ್ರ ಯಾರು? ಕರೀರಿ ಅವನ್ನ, ಇಲ್ಲೇ ಮಾತಾಡ್ತೀನಿ.”

ಯಾರೋ ನಕ್ಕರು. ಅಪ್ಪ ನಗಲಿಲ್ಲ. ಇಳಿಸಿದ್ದ ಚೀಲಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಮತ್ತೆ ಬಂಡಿಗೆ ಹಾಕಿದ.

ಕಾಳು ಮಾರುವ ಬದಲು ಬ್ಯಾಳಿ ಮಾಡಿ ತಾನೇ ಮಾರುವುದೆಂದು ಅವ್ವ ಮನೆಗೆ ಬಂದು ತೊಗರಿ ನೆನೆಹಾಕಿದಳು, ಕೆಮ್ಮಣ್ಣು ಹಚ್ಚಿ ಒಣಗಿಸಿದಳು, ಬೀಸುಕಲ್ಲಿನ ಮುಂದೆ ಕೂತು ಬ್ಯಾಳಿ ಒಡೆದಳು. ಹಸಿ ಮಣ್ಣಿನ ವಾಸನೆ, ಹೊಟ್ಟಿನ ಧೂಳು, ಅಂಗೈ ತುಂಬ ಬೊಬ್ಬೆ. ಬೊಬ್ಬೆ ಒಡೆದರೆ ಅರಿಶಿನ ಮೆತ್ತಿ ಮತ್ತೆ ಕೂರುತ್ತಿದ್ದಳು. ಬ್ಯಾಳಿಯ ಗಂಟು ಹೊತ್ತು ಪ್ಯಾಸೆಂಜರ್ ರೈಲಿನಲ್ಲಿ ವಾಡಿಗೆ ಹೋಗಿ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಮನೆಮನೆಗೆ ಮಾರಿದಳು. ಗಂಟು ಬಿಚ್ಚಿದರೆ ಸಾಕು, “ಎಷ್ಟು ಘಮ್ ಅಂತದವ್ವಾ!” ಎಂದು ಹೆಂಗಸರು ಪಾತ್ರೆ ಹಿಡಿದು ಬರುತ್ತಿದ್ದರು.

ಯುಗಾದಿಗೆ ಮಷಿನ್ನು ಬಂತು. ನಾನು ಕುಣಿದೆ, ಅವ್ವ ಕುಣಿಯಲಿಲ್ಲ. ಅಂಗೈ ನನ್ನ ಮುಂದೆ ಚಾಚಿ, “ಮೂರು ಚೀಲ ಹೊಲದ್ದು. ಇನ್ನೆರಡು ನನ್ನ ರಟ್ಟಿದು. ನೆನಪಿಟ್ಕೊ,” ಎಂದಳು.

ಕಚ್ಚಾ ಮಾಲಿನ ಬೆಲೆ ಕಾರ್ಖಾನೆಯ ಮಾಲಿನೆದುರು ಕಾಲಾಂತರದಲ್ಲಿ ಕುಗ್ಗುತ್ತ ಹೋಗುತ್ತದೋ ಇಲ್ಲವೋ ಎಂದು ಅರ್ಥಶಾಸ್ತ್ರದ ಪಂಡಿತರು ವಾದ ಮಾಡುತ್ತಾರಂತೆ. ಕಾಲೇಜಿನಲ್ಲಿ ಅದನ್ನು ಕೇಳಿದಾಗ ನನಗೆ ಮೈ ಉರಿಯಿತು. ತೊಗರಿಗೆ ಬಂಗಾರದ ಬೆಲೆ ಬಂದ ವರ್ಷಗಳನ್ನೂ ನಾನು ಕಂಡಿದ್ದೇನೆ. ಮರುವರ್ಷ ಹೊರದೇಶದ ಕಾಳು ಬಂದು ಆ ಬೆಲೆಯನ್ನು ನೆಲಕ್ಕೆ ಹಾಕಿದ್ದನ್ನೂ ಕಂಡಿದ್ದೇನೆ. ಟ್ರ್ಯಾಕ್ಟರಿನ ಬೆಲೆ ಹಾಗೆ ನೆಲಕ್ಕೆ ಬಿದ್ದದ್ದನ್ನು ಒಮ್ಮೆಯೂ ಕಂಡಿಲ್ಲ.

ಅವ್ವ ಈಗಿಲ್ಲ. ಹೋದ ಸುಗ್ಗಿಯಲ್ಲಿ ತಮ್ಮನ ಜೊತೆ ಮಾರುಕಟ್ಟೆಗೆ ಹೋಗಿದ್ದೆ. ಟ್ರ್ಯಾಕ್ಟರುಗಳ ಸಾಲು. ಎಲ್ಲರ ಕೈಯಲ್ಲೂ ಮೊಬೈಲು, ಅದರಲ್ಲಿ ಆ ದಿನದ ರೇಟು. ಓದಿದರು, ತಲೆ ತಗ್ಗಿಸಿದರು, ಚೀಲ ಇಳಿಸಿದರು.

“ಇದನ್ನ ಯಾರು ಠರಾಯಿಸಿದ್ರೋ?” ಎಂದು ನಾನು ಗಟ್ಟಿಯಾಗಿಯೇ ಕೇಳಿದೆ.

ತಮ್ಮ ನನ್ನ ಕೈ ಹಿಡಿದು ಜಗ್ಗಿದ. “ಅಕ್ಕಾ, ಮೆಲ್ಲಗ ಮಾತಾಡು. ಮಂದಿ ನೋಡಾಕತ್ತಾರ.”

ನೋಡಲಿ ಎಂದೆ. ಸುತ್ತ ತಿರುಗಿ ನೋಡಿದರೆ ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ; ಎಲ್ಲರ ಕಣ್ಣೂ ಮೊಬೈಲಿನ ರೇಟಿನ ಮೇಲಿತ್ತು.