ಗಂಧದ ಪಕ್ಕದ ಹೊನಗೊನ್ನೆ

ಮೈಮುನಾಬಿಯ ಕೈ ಸುಮ್ಮನಿರುವ ಜಾತಿಯದಲ್ಲ. ಬ್ಯಾಡಗಿಯಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ, ಕಂಡದ್ದನ್ನೆಲ್ಲ ಕೀಳಲೇಬೇಕು. ಗಂಡ ತೀರಿದ ಮೇಲೆ ರಾಣೆಬೆನ್ನೂರಿಗೆ, ಮಗಳು ಸುಮಯ್ಯಾಳ ಮನೆಗೆ ಬಂದಳು. ಅಳಿಯ ಜಾಕೀರ್ ಒಳ್ಳೆಯವನೇ, ಒಂದು ಬಿರುಸು ಮಾತು ಆಡಿದವನಲ್ಲ. ಆದರೂ ಅವನ ಮನೆಯ ಅನ್ನ ಅವಳಿಗೆ ಗಂಟಲಲ್ಲಿ ಇಳಿಯದು. ಹಂಗಿನ ಕೂಳು ಎಂಬ ಮಾತು ಹಗಲಿರುಳು ಕೊರೆಯುತ್ತಿತ್ತು. ಅದಕ್ಕೇ ಊರ ಹೊರಗೆ ಗುಡದಪ್ಪನ ಸಸಿತೋಟದಲ್ಲಿ ಕೂಲಿಗೆ ನಿಂತಳು.

ಒಂದು ಬೆಳಿಗ್ಗೆ, ಉಳಿದವರು ಬರುವ ಮುನ್ನವೇ ಬಂದು ಗಂಧದ ಸಸಿಗಳ ಮುಂದೆ ಕುಳಿತಳು. ಮಣ್ಣು ತುಂಬಿದ ಪ್ರತಿ ಚೀಲದಲ್ಲೂ ಗಂಧದ ಪಕ್ಕ ಹೊನಗೊನ್ನೆ ಸೊಪ್ಪು ಬೆಳೆದಿತ್ತು. ಪಾಪದ ಸಸಿಯ ನೀರನ್ನೆಲ್ಲ ಈ ಕಳೆ ಕುಡಿಯುತ್ತಿದೆಯಲ್ಲ ಎಂದು ಸಿಟ್ಟೇ ಬಂತು. ಒಂದು ಸಾಲು ಪೂರ್ತಿ ಕಿತ್ತುಹಾಕಿ, ಶಭಾಷ್ ಅನ್ನಿಸಿಕೊಳ್ಳಲು ಕಾದಳು.

ಗುಡದಪ್ಪ ಬಂದವನೇ ತಲೆಯ ಮೇಲೆ ಕೈ ಹೊತ್ತುಕೊಂಡ.

“ಅದು ಕಳೆ ಅಲ್ಲಬೇ. ನಾವ ನೆಟ್ಟಿದ್ದು. ಅದರ ಬೇರಿಗೆ ತನ್ನ ಬೇರು ಹಚ್ಚಿ ಉಂಡು ಗಂಧ ಬದುಕತೈತಿ.”

ಕಿತ್ತ ಕಡ್ಡಿಗಳನ್ನೇ ಮತ್ತೆ ಚುಚ್ಚು, ಚಿಗುರಿದರೆ ಪುಣ್ಯ ಎಂದ ಗುಡದಪ್ಪ. ಚುಚ್ಚಿದಳು. ಗಂಧದ ಎಲೆ ಹಳದಿಗೆ ತಿರುಗಿದಾಗ ಅವಳ ನಿದ್ದೆ ಹಾರಿಹೋಯಿತು. ಸಸಿ ಸತ್ತರೆ ಕೆಲಸ ಹೋದಂತೆಯೇ; ಮತ್ತೆ ಅಳಿಯನ ಮನೆಯಲ್ಲಿ ಕೂತು ಉಣ್ಣಬೇಕು. ರಜೆಯ ದಿನವೂ ಓಡಿ ಬಂದು ಚೀಲದಿಂದ ಚೀಲಕ್ಕೆ ಬಗ್ಗಿ ನೋಡುವಳು. ಬೇರು ಬಿಟ್ಟಿದೆಯೇ ಎಂದು ಒಂದು ಕಡ್ಡಿ ಎಳೆದು, ಬಿಟ್ಟ ಬೇರನ್ನೂ ಹರಿದು ಬೈಸಿಕೊಂಡಳು. ಕೈಗೆ ಬುದ್ಧಿ ಬರುವುದೆಂದರೆ ಸುಮ್ಮನೆಯೇ?

ಕೆಲವು ಸಸಿ ಸತ್ತವು. ಉಳಿದವು, ಹೊನಗೊನ್ನೆ ಚಿಗುರಿದ ಬೆನ್ನಿಗೇ ಹಸಿರಾದವು. ಗುಡದಪ್ಪ ಕೆಲಸ ಬಿಡಿಸಲಿಲ್ಲ. ಆದರೂ ಅವಳಿಗೆ ಸಮಾಧಾನವಿಲ್ಲ.

“ದೊಡ್ಡದಾದ ಮ್ಯಾಲರ ಈ ಗಂಧ ತನ್ನ ಅನ್ನ ತಾ ಉಣತೈತೇನ್ರಿ?”

“ಎಲ್ಲೀದು? ಅಡವಿಗೆ ಹೋದ್ರೂ ಬಾಜೂ ಗಿಡದ ಬೇರು ಹುಡುಕತೈತಿ. ಸಾಯೂಮಟ ಮಂದಿ ಅನ್ನಾನ ಉಣ್ಣೂದು. ಹಂಗಂತ ಗಂಧದ ಕಿಮ್ಮತ್ತು ಯಾರರ ಕಡಿಮಿ ಮಾಡ್ಯಾರೇನು?”

ಆ ಸಂಜೆ ಮಗಳ ಮನೆಯಲ್ಲಿ ಊಟಕ್ಕೆ ಕುಳಿತ ಮೈಮುನಾಬಿ ತಟ್ಟೆ ಖಾಲಿಯಾದ ಮೇಲೂ ಏಳಲಿಲ್ಲ. ಇನ್ನೊಂದು ರೊಟ್ಟಿ ಹಾಕು ಎಂದಳು. ಈ ಮನೆಗೆ ಬಂದ ಮೇಲೆ ತಾಯಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಸುಮಯ್ಯಾ ಹೆಂಚಿನ ಮುಂದೆಯೇ ಕಣ್ಣೊರೆಸಿಕೊಂಡಳು. ಹೆಂಚಿನ ಮೇಲಿನದು ಬೇಯುವ ಮೊದಲೇ ಜಾಕೀರ್ ತನ್ನ ಪಾಲಿನ ರೊಟ್ಟಿ ಎತ್ತಿ ಅತ್ತೆಯ ತಟ್ಟೆಗೆ ಹಾಕಿದ. ಅವಳು ಬೇಡ ಅನ್ನಲಿಲ್ಲ.