ಮೂರನೇ ಮಾಳಿಗೆಯ ಎರಡಂಕಣ

ಇವತ್ತು ಬೆಳಿಗ್ಗೆ ಕೊಟ್ಟೂರು ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಮಿರ್ಚಿಯ ಎಣ್ಣೆ ಕಾದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನಗೆ ನಗು ಬಂತು. ಎಪ್ಪತ್ತು ದಾಟಿದ ಮುದುಕಿ ನಡುಬೀದಿಯಲ್ಲಿ ಒಬ್ಬಳೇ ನಗುತ್ತ ನಿಂತರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ನಿಮಗೂ ಗೊತ್ತು. ಅಂದುಕೊಳ್ಳಲಿ. ಆ ವಾಸನೆ ನನ್ನನ್ನು ಹಾಲೆಂಡಿಗೆ ಒಯ್ದಿತ್ತು. ಅಲ್ಲಿ ಉಟ್ರೆಕ್ಟ್ ಎಂಬ ಊರಿನ ಒಂದು ಗದ್ದಲದ ಬೀದಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಆಲೂಗಡ್ಡೆ ಕರಿಯಲು ಶುರುಮಾಡುತ್ತಾರೆ. ಆ ಅಂಗಡಿಯ ನೆತ್ತಿಯ ಮೇಲೆ, ಮೂರನೇ ಮಾಳಿಗೆಯಲ್ಲಿ, ಹೋದ ವರ್ಷ ನಮ್ಮ ಕೊಟ್ರಿ ಮನೆ ಕೊಂಡಳು.

ಕೊಟ್ರಿ ನನ್ನ ಮಗಳ ಮಗಳು. ಈರುಳ್ಳಿ ಬೀಜ ಪರೀಕ್ಷೆ ಮಾಡುವುದು ಅವಳ ಕೆಲಸ. ನಾವು ಹೊಲದಲ್ಲಿ ಬೆನ್ನು ಬಗ್ಗಿಸಿ ಬೆಳೆದದ್ದನ್ನು ಅವಳು ಗಾಜಿನ ತಟ್ಟೆಯಲ್ಲಿ ಮೊಳೆಯಿಸಿ ದಿನವಿಡೀ ನೋಡುತ್ತ ಕೂರುತ್ತಾಳೆ. ಊರು ತೋರಿಸುತ್ತೇನೆಂದು ನನ್ನನ್ನು ಒಂದು ತಿಂಗಳಿಗೆ ಕರೆಸಿಕೊಂಡಳು. ತೋರಿಸಿದ್ದು ಮಾತ್ರ ಮಾರಾಟಕ್ಕಿಟ್ಟ ಮನೆಗಳನ್ನು. ಬಾಡಿಗೆ ಕೋಣೆಯನ್ನು ಚಳಿಗಾಲದೊಳಗೆ ಬಿಡಬೇಕಿತ್ತು, ಪಾಪ.

ಅಲ್ಲಿನ ರಿವಾಜು ಕೇಳಿ. ಮನೆ ನೋಡಲು ಕಾಲು ಗಂಟೆ ಕೊಡುತ್ತಾರೆ. ನಾವು ಹತ್ತುವಾಗ ಇನ್ನೊಬ್ಬರು ಇಳಿಯುತ್ತಿರುತ್ತಾರೆ, ನಮ್ಮ ಹಿಂದೆ ಮತ್ತೊಬ್ಬರು ಕಾಯುತ್ತಿರುತ್ತಾರೆ. ಆಮೇಲೆ ಇಷ್ಟು ದುಡ್ಡು ಕೊಡುತ್ತೇವೆ ಎಂದು ಎಲ್ಲರೂ ಗುಟ್ಟಾಗಿ ಬರೆದು ಕಳಿಸಬೇಕು, ಹೆಚ್ಚು ಬರೆದವರಿಗೆ ಮನೆ. ಕೊಟ್ರಿ ನಾಲ್ಕು ಮನೆಗೆ ಬರೆದಿದ್ದಳು. ನಾಲ್ಕೂ ಬೇರೆಯವರ ಪಾಲಾಗಿದ್ದವು. ಇದು ಐದನೆಯದು.

“ಅಜ್ಜಿ, ಒಳಗ ಹೋದಮ್ಯಾಲೆ ಚಲೋ ಐತಿ ಅನಬ್ಯಾಡ. ಮಂದಿ ಕೇಳಿಸ್ಕೊಂಡ್ರ ಹೆಚ್ಚಿಗಿ ಬರೀತಾರ.”

“ಯಾಕಲೇ, ಇವ್ರಿಗೆ ಕನ್ನಡ ತಿಳಿತೈತೇನು?”

“ನಿನ್ನ ಮಾರಿ ನೋಡಿದ್ರ ತಿಳಿತೈತಿ.”

ಸರಿ, ಮುಖ ಗಂಟು ಹಾಕಿಕೊಂಡೇ ಹತ್ತಿದೆ. ಮೆಟ್ಟಿಲು ಗೋಡೆಗೆ ಒರಗಿಸಿದ ಏಣಿಯ ಹಾಗೆ ಕಡಿದು. ಮೇಲೆ ನೋಡಿದರೆ ಎರಡಂಕಣದ ಮನೆ. ನಮ್ಮ ಕಡೆ ಎರಡು ಕಂಬದ ನಡುವಿನ ಜಾಗಕ್ಕೆ ಒಂದು ಅಂಕಣ ಎನ್ನುತ್ತೇವಲ್ಲ, ಅಂಥ ಎರಡು. ಅಷ್ಟರಲ್ಲೇ ಮಲಗುವುದು, ಬೇಯಿಸುವುದು, ಕೂರುವುದು. ನೂರು ವರ್ಷದ ಗೋಡೆ, ಸೊಟ್ಟ ನೆಲ. ನಿಂಬೆಹಣ್ಣು ಬಿಟ್ಟರೆ ತಾನೇ ಉರುಳಿ ಕಿಟಕಿ ಮುಟ್ಟುತ್ತದೆ. ಪಾಯಿಖಾನೆಯಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿದ್ದರು. ನೆಂಟರಿಷ್ಟರ ಹುಟ್ಟಿದ ದಿನಗಳಂತೆ. ಮಂದಿಯನ್ನು ನೆನೆಸಿಕೊಳ್ಳಲು ಇವರಿಗೆ ಸಿಕ್ಕ ಜಾಗ ನೋಡಿ.

ಕಿಟಕಿ ತೆಗೆದೆ. ಕೆಳಗೆ ಇಡೀ ಬೀದಿ ಗಿಜಿಗುಡುತ್ತಿತ್ತು. ಹಣ್ಣಿನವನು ಕೂಗುತ್ತಿದ್ದ, ಸೈಕಲ್ಲಿನವರು ಗಂಟೆ ಬಾರಿಸುತ್ತಿದ್ದರು, ಒಬ್ಬಳು ಮಗುವನ್ನು ಬಗಲಲ್ಲಿಟ್ಟುಕೊಂಡು ಬದನೆಕಾಯಿ ಹಿಚುಕಿ ನೋಡುತ್ತಿದ್ದಳು. ನನ್ನ ಮುಖದ ಗಂಟು ಎಲ್ಲಿ ಬಿಚ್ಚಿತೋ. ಕೊಟ್ರಿ ಸೆರಗು ಹಿಡಿದು ಹಿಂದಕ್ಕೆಳೆದಳು.

ಆದರೆ ಮನೆ ನೋಡುವುದು ಇಷ್ಟಕ್ಕೇ ಮುಗಿಯುವುದಿಲ್ಲ. ನಾನು ಮದುವೆಯಾಗಿ ಹಿರೇಹಡಗಲಿ ಬಿಟ್ಟು ಕೊಟ್ಟೂರಿಗೆ ಬಂದಾಗ, ನಮ್ಮತ್ತೆ ಎರಡು ಮನೆ ನೋಡಿಟ್ಟಿದ್ದಳು. ಒಂದು ದೊಡ್ಡದು, ಒಂದು ಗುಬ್ಬಚ್ಚಿ ಗೂಡು. ಕೈಗೆ ಬಟ್ಟಲು ಕೊಟ್ಟು, “ಎರಡೂ ಕಡಿ ಬಾಜೂ ಮನಿಗೆ ಹೋಗಿ ಹೆಪ್ಪು ಕೇಳ್ಕೊಂಡು ಬಾ” ಎಂದಳು. ದೊಡ್ಡ ಮನೆಯ ಪಕ್ಕದವಳು, ನೆಲುವಿನ ಮೇಲೆ ಮೊಸರಿನ ಗಡಿಗೆ ಕಾಣುತ್ತಿದ್ದರೂ ಇಲ್ಲ ಎಂದಳು. ಗೂಡಿನ ಪಕ್ಕದವಳು ಹೆಪ್ಪು ಕೊಟ್ಟು, ಯಾರ ಪೈಕಿ ಎಂದೂ ಕೇಳಿದಳು. ನಮ್ಮತ್ತೆ ಗೂಡನ್ನೇ ಹಿಡಿದಳು. ಆ ಹೆಂಗಸು ನನ್ನ ಎರಡು ಬಾಣಂತನ ಮಾಡಿದಳು. ಅತ್ತೆಯ ಬಗ್ಗೆ ನಾನು ಒಳ್ಳೆಯ ಮಾತಾಡುವುದು ಇದೊಂದೇ.

ಅದಕ್ಕೇ ಉಟ್ರೆಕ್ಟಿಗೂ ಚೀಲದಲ್ಲಿ ಬಟ್ಟಲು ಇಟ್ಟುಕೊಂಡು ಹೋಗಿದ್ದೆ. ಇಳಿಯುವಾಗ ಪಕ್ಕದ ಬಾಗಿಲು ಬಡಿದೇಬಿಟ್ಟೆ.

“ಅಜ್ಜಿ, ಇಲ್ಲಿ ಹಂಗೆಲ್ಲ ಹೇಳದ ಕೇಳದ ಬಾಗಿಲು ಬಡಿಯಂಗಿಲ್ಲ,” ಎಂದು ಕೊಟ್ರಿ ಗೋಡೆಗೆ ಮುಖ ಹಾಕಿ ನಿಂತಳು.

ಬಾಗಿಲು ತೆರೆಯಿತು. ತಲೆಗೆ ವಸ್ತ್ರ ಕಟ್ಟಿದ, ನನ್ನ ವಾರಗೆಯ, ದಪ್ಪನೆಯ ಹೆಂಗಸು. ತುರ್ಕಿಯವಳಂತೆ, ಹೆಸರು ಫಾತ್ಮಾ. ಅದೆಲ್ಲ ಆಮೇಲೆ ತಿಳಿದದ್ದು. ನಾನು ಬಟ್ಟಲು ತೋರಿಸಿದೆ. ಹಾಲು ಕಾಯಿಸಿದಂತೆ ಕೈ ಆಡಿಸಿದೆ, ಬೆರಳು ಅದ್ದಿದೆ, ಮುಚ್ಚಿದೆ, ಅಂಗೈಗೆ ಕೆನ್ನೆ ಒರಗಿಸಿ ಗೊರಕೆ ಹೊಡೆದೆ, ಎಚ್ಚರಾಗಿ ಬಟ್ಟಲನ್ನು ಬೋರಲು ಹಾಕಿ, ನೋಡು, ಬೀಳಲಿಲ್ಲ ಎಂದು ತೋರಿಸಿದೆ. ಮನೆ ನೋಡಲು ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಮಚ ಹೆಪ್ಪು ಕೇಳಿದರೆ ಬಟ್ಟಲು ತುಂಬ ಮೊಸರು ಹಾಕಿದಳು. ರಟ್ಟೆ ಹಿಡಿದು ಒಳಗೆಳೆದು ಚಹಾ ಕುಡಿಸಿದಳು. ಮಳೆ ಬಂದರೆ ಆ ಮನೆಯ ಅಡುಗೆಕೋಣೆ ಕಿಟಕಿ ಸೋರುತ್ತದೆ, ಚಳಿಗಾಲದಲ್ಲಿ ಪೈಪು ಕೂಗುತ್ತದೆ ಎಂದು ಕೊಟ್ರಿಗೆ ಡಚ್ಚಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು.

ಕೋಣೆಗೆ ಬಂದ ಮೇಲೆ ಕೊಟ್ರಿ ಬೂಟು ಬಿಚ್ಚದೆ ಹಾಗೇ ಕೂತಳು.

“ನಾ ಬರಿಯಂಗಿಲ್ಲ ಅಜ್ಜಿ. ಕಂಪನಿ ಹತ್ರ ದೊಡ್ಡ ಮನಿ ಬಾಡಿಗಿಗೆ ಸಿಗತೈತಿ. ಅಲ್ಲಿ ಯಾರೂ ಇರಂಗಿಲ್ಲ, ಬರೇ ಹುಲ್ಲು, ಕುರಿ. ಇರ್ತೀನಿ. ಐದನೇ ಸಲಾನೂ ಇಲ್ಲ ಅನಿಸ್ಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ.”

“ಕುರಿ ಕೂಡ ಇರೂದಾದ್ರ ನಮ್ಮ ಕೊಟ್ಟೂರಿಗೇ ಬಾರಲೇ. ವಿಮಾನ ಯಾಕ ಹತ್ತಿದಿ?”

ಅವಳು ನಗಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಬರೆಯುವ ಗಡುವು ಮುಗಿಯುತ್ತಿತ್ತು. ಸಮಾಧಾನ ಮಾಡುವುದು ನನಗೆ ಬಾರದ ವಿದ್ಯೆ. ಹಾಲು ಕಾಯಿಸಿ, ಹೆಪ್ಪು ಹಾಕಿ, ಬೆಚ್ಚಗಿರಲೆಂದು ಅವಳ ಉಣ್ಣೆ ಟೊಪ್ಪಿಗೆ ಮುಚ್ಚಿಟ್ಟೆ.

ಬೆಳಿಗ್ಗೆ ಮೊಸರು ಚಾಕು ಹಾಕಿ ಕೊಯ್ಯುವ ಹಾಗಿತ್ತು. ಕೊಟ್ರಿ ಅನ್ನಕ್ಕೆ ಕಲಸಿಕೊಂಡು ನಿಂತೇ ಉಂಡಳು. ಎರಡನೇ ಸಲ ಹಾಕಿಕೊಂಡಳು. ಆಮೇಲೆ ಎಡಗೈಯಿಂದ ಲ್ಯಾಪ್‌ಟಾಪ್ ತೆರೆದಳು.

“ಎಂಜಲ ಕೈ ತೊಳ್ಕೊಳ್ಳೇ,” ಎಂದೆ.

“ಆಮೇಲೆ ತೊಳ್ಕಂತೀನಿ,” ಎಂದು ಒಂದೇ ಕೈಯಲ್ಲಿ ಬರೆದು ಕಳಿಸಿಬಿಟ್ಟಳು.

ಮೂರು ದಿನ ಅವಳು ಫೋನು ನೋಡಿದಳು, ನಾನು ಅವಳನ್ನು ನೋಡಿದೆ. ಎರಡನೇ ದಿನ ಬಂದ ಸುದ್ದಿ, ನಮಗಿಂತ ಹೆಚ್ಚು ಬರೆದವನೊಬ್ಬ ಇದ್ದಾನೆ ಎಂದು. ಮೂರನೇ ದಿನ ಬಂದದ್ದು, ಅವನಿಗೆ ಬ್ಯಾಂಕಿನವರು ಸಾಲ ಕೊಡಲಿಲ್ಲ, ಮನೆ ನಿಮಗೇ ಎಂದು. ಹೆಪ್ಪಿನ ಮಹಿಮೆ ಎಂದು ನಾನು ಹೇಳಿದರೆ ಅದು ಸುಳ್ಳು. ಕೊಟ್ರಿ ಬರೆಯದೇ ಇದ್ದಿದ್ದರೆ ಎರಡನೆಯವಳಾಗಿ ನಿಲ್ಲುತ್ತಿರಲಿಲ್ಲ, ಅಷ್ಟೇ.

ಕೊಟ್ರಿ ನನ್ನನ್ನು ಮೂಟೆಯ ಹಾಗೆ ಎತ್ತಿ ಗಿರ್ರನೆ ತಿರುಗಿಸಿದಳು. ತೂಗುದೀಪಕ್ಕೆ ನನ್ನ ತಲೆ ಬಡಿಯಿತು. ಬಡಿದಲ್ಲಿ ಉಜ್ಜಿಕೊಳ್ಳುತ್ತಲೇ ಟ್ರಾಮು ಹತ್ತಿ, ಆ ಬೀದಿಗೆ ಹೋಗಿ, ಕರಿದ ಆಲೂಗಡ್ಡೆಯ ದೊಡ್ಡ ಪೊಟ್ಟಣ ಕಟ್ಟಿಸಿಕೊಂಡು ಫಾತ್ಮಾಳ ಬಾಗಿಲು ಬಡಿದೆವು. ಈ ಸಲ ಬಡಿದವಳು ಕೊಟ್ರಿ. ಮೂವರೂ ಬಾಯಿಗೆ ಬಿಳಿ ಸಾಸು ಮೆತ್ತಿಕೊಂಡು ತಿಂದೆವು. ಆಕೆ ತುರ್ಕಿಯಲ್ಲಿ ಏನೋ ಹೇಳಿದಳು, ನಾನು ಕನ್ನಡದಲ್ಲಿ ಏನೋ ಹೇಳಿದೆ, ಇಬ್ಬರೂ ಒಪ್ಪಿಕೊಂಡೆವು.

ವೀಸಾ ಮುಗಿದು ನಾನು ಹಿಂದಿರುಗಿದೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ಹೋಗಬೇಡ, ವಯಸ್ಸಾಯಿತು ಎಂದು ಮಗ ಅನ್ನುತ್ತಾನೆ. ಅನ್ನಲಿ. ಇವತ್ತು ಬಸ್‌ಸ್ಟ್ಯಾಂಡಿನಿಂದ ಬಂದವಳೇ ನಮ್ಮ ಮನೆಯ ಮಾಳಿಗೆಯನ್ನು ಮೂರು ಸಲ ಹತ್ತಿ ಇಳಿದೆ. ಹಪ್ಪಳ ಒಣಹಾಕುತ್ತಿದ್ದ ಸೊಸೆ ನೋಡುವಷ್ಟು ನೋಡಿದಳು.

“ಅತ್ತಿ, ಮಾಳಿಗಿ ಮ್ಯಾಲೆ ಏನಿಟ್ಟೀರಿ? ದಿನಾ ಹತ್ತತೀರಿ, ದಿನಾ ಇಳಿತೀರಿ.”

“ಏನೂ ಇಟ್ಟಿಲ್ಲವ್ವ,” ಎಂದೆ ಏದುಸಿರು ಬಿಡುತ್ತ. “ನಮ್ಮನಿ ಮೂರನೇ ಮಾಳಿಗಿ ಮ್ಯಾಲೈತಿ. ಕಾಲಿಗೆ ರೂಢಿ ಆಗಲಿ ಅಂತ.”