ಹಳೇ ಆಟ, ಹೊಸ ಆಟ ಮತ್ತು ಆಸ್ಟಿನ್

ಒಂದೇ ರಾಜ್ಯವನ್ನು ಕಲ್ಲಿನ ಕೊಡಲಿಯ ಕಾಲದಿಂದ ರಾಕೆಟ್ ಹಾರಿಸುವ ಕಾಲದವರೆಗೆ ಆಳುವ ತಾಳ್ಮೆ ನನಗಿಲ್ಲ. ನನ್ನ ಗಂಡನಿಗಿದೆ. ಚರಿತ್ರೆಯ ಆ ಕಂಪ್ಯೂಟರ್ ಆಟವನ್ನು ಅವನು ಶುರುಮಾಡಿದ್ದು ನಾವು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿದ್ದಾಗ. ನನ್ನ ಕೆಲಸಕ್ಕಾಗಿ ಹ್ಯೂಸ್ಟನ್ನಿನ ಶುಗರ್ ಲ್ಯಾಂಡಿಗೆ ಶಿಫ್ಟ್ ಆದ ಮೇಲೂ ಅದನ್ನೇ ಆಡುತ್ತಿದ್ದ. ಊರುಗಳಿಗೆ ಹುಬ್ಬಳ್ಳಿ, ಗದಗ, ನವಲಗುಂದ ಎಂದು ಹೆಸರಿಟ್ಟು, ಒಬ್ಬೊಬ್ಬ ಕೆಲಸಗಾರನನ್ನೂ ಕೈಹಿಡಿದು ನಡೆಸಿ ಹೊಲ ಮಾಡಿಸುವನು, ಗಣಿ ತೋಡಿಸುವನು. ಪಕ್ಕದಲ್ಲಿ ಕೂತರೆ ಚಡಪಡಿಕೆಗೆ ನನ್ನ ಕಾಲು ತಾನಾಗಿ ಕುಣಿಯತೊಡಗುತ್ತಿತ್ತು.

ಅದರ ಮುಂದಿನ ಆಟ ಬಂದಾಗ ಕೊಂಡವಳು ನಾನು. ಇದರಲ್ಲಿ ಕೆಲಸಗಾರರ ಕಾಟವಿಲ್ಲ, ಊರು ತಾನೇ ಬೆಳೆಯುತ್ತದೆ. ಒಂದು ಯುಗ ಮುಗಿದರೆ ನಿಮ್ಮ ಜನರನ್ನು ಬಿಟ್ಟು ಬೇರೆ ಜನರಾಗಲೇಬೇಕು. ಮೌರ್ಯರಾಗಿ ಹೊರಟವರು ಚೋಳರಾಗುತ್ತಾರೆ, ದೊರೆ ಮಾತ್ರ ಅವನೇ. ಯಾರೋ ನನ್ನನ್ನು ಕೇಳಿಯೇ ಮಾಡಿದ್ದಾರೆ ಅನಿಸುವಷ್ಟು ಹಿತವಾಯಿತು.

ಅದೇ ವಾರ, ಎರಡೂವರೆ ಗಂಟೆ ದೂರದ ಆಸ್ಟಿನ್ನಿನ ದ ಡೊಮೇನ್ ಬಡಾವಣೆಯಲ್ಲಿರುವ ಒಂದು ಕಂಪನಿ ನನ್ನನ್ನು ಕೆಲಸಕ್ಕೆ ಕರೆಯಿತು. ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಗಂಡ ಹಲ್ಲಿನ ಡಾಕ್ಟರು. ಶುಗರ್ ಲ್ಯಾಂಡಿನಲ್ಲಿ ಅವನು ತೆರೆದ ಸ್ವಂತ ಕ್ಲಿನಿಕ್ಕಿಗೆ ಜನ ಈಗಷ್ಟೇ ಹೆಸರು ಕೇಳಿಕೊಂಡು ಬರತೊಡಗಿದ್ದರು. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಫೋನಿನಲ್ಲಿ ಆಸ್ಟಿನ್ನಿನ ಮನೆಗಳನ್ನು ನೋಡುತ್ತಿದ್ದೆ. ಅವನನ್ನು ಕೇಳಿದರೆ "ನೋಡೋಣಂತ" ಎಂದು ಲ್ಯಾಪ್‌ಟಾಪಿನ ಕಡೆ ತಿರುಗುತ್ತಿದ್ದ. ಹೀಗಾಗಿ ಜಗಳವೆಲ್ಲ ಆಟದ ಮೇಲೆ ನಡೆಯಿತು.

"ನಿಂದು ಬರೀ ಹಳೇ ಚಾಳಿ ಕಣೋ. ಹೊಸದನ್ನ ಒಂದ್ಸಲ ಆಡಿ ನೋಡು," ಎಂದೆ.

"ನೀ ಹೊಸಾದು ಎಷ್ಟ ಸರ್ತಿ ಚಾಲೂ ಮಾಡೀದಿ? ಒಂದರೆ ಮುಗಿಸೀದೇನು?"

ಮಾತು ಚುಚ್ಚಿತು. ಎರಡನೆಯ ಯುಗದ ನಡುವೆ ಎಲ್ಲೋ ಬೇಜಾರಾಗಿ, ಕಟ್ಟಿದ್ದನ್ನೆಲ್ಲ ಅಳಿಸಿ ಹೊಸ ನಕ್ಷೆ ತೆಗೆಯುವುದು ನನ್ನ ಪದ್ಧತಿ.

ಭಾನುವಾರ ತಿಂಡಿಯಾದ ಮೇಲೆ, ನನ್ನ ಕಾಟ ತಡೆಯಲಾರದೆ ಅವನು ಹೊಸ ಆಟಕ್ಕೆ ಕೂತ. ಚೆನ್ನಾಗಿಯೇ ಆಡಿದ. ನದಿ ದಂಡೆಯಲ್ಲಿ ಮತ್ತೆ ನವಲಗುಂದ ಕಟ್ಟಿ, ಅದನ್ನು ದೊಡ್ಡ ನಗರ ಮಾಡಿದ. ಯುಗ ಮುಗಿಯಿತು. ಹೊಸ ಜನರನ್ನು ಆರಿಸಿಕೊಂಡು ಮುಂದೆ ಹೋಗಿ ನೋಡಿದರೆ, ನವಲಗುಂದ ಮತ್ತೆ ಸಣ್ಣ ಊರಾಗಿತ್ತು. ಹೊಸ ಆಟದ ನಿಯಮವೇ ಹಾಗೆ.

"ಇದನ್ನ ಮತ್ತ ಕಟ್ಟಬೇಕೇನು?"

"ಅದೇ ಮಜಾ ಕಣೋ. ದೊರೆ ನೀನೇ ಇರ್ತೀಯಲ್ಲ!"

ಅವನು ಮೌಸ್ ಬಿಟ್ಟ. "ನಾ ಒಲ್ಲೆ."

"ಆಟ ತಾನೇ?"

"ಆಸ್ಟಿನ್ ಒಲ್ಲೆ ಅಂದೆ. ಡಲ್ಲಾಸ್ ಬಿಡೂವಾಗೂ ನನಗ ಮನಸ್ಸಿರಲಿಲ್ಲ."

ಸಿಟ್ಟು ನೆತ್ತಿಗೇರಿತು. ಆಗಲೇ ಬಾಯಿಬಿಟ್ಟು ಹೇಳೋಕೆ ಏನು ಧಾಡಿಯಾಗಿತ್ತು ಎಂದು ಕೂಗಾಡಿದೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಂಬಿಕೊಂಡು ಬಂದವಳು ನಾನು. ಕಾರು ತೆಗೆದುಕೊಂಡು ಸುಮ್ಮನೆ ಫ್ರೀವೇಯಲ್ಲಿ ಹೋದೆ. ಕೇಟಿ ಎಂಬ ಊರು ದಾಟುವವರೆಗೆ ಅವನನ್ನು ಬೈದೆ. ಆಮೇಲೆ ಬೈಗುಳ ಖಾಲಿಯಾಯಿತು. ಆಸ್ಟಿನ್ನಿನಲ್ಲಾದರೂ ನೆಲೆ ನಿಲ್ಲುತ್ತೀಯಾ ಎಂದು ಅವನು ಕೇಳಿರಲಿಲ್ಲ. ಕೇಳಿದ್ದರೆ ಹೂಂ ಅನ್ನುವ ಧೈರ್ಯ ನನಗಿರಲಿಲ್ಲ.

ಕೆಲಸಕ್ಕೆ ಸೇರುವುದಿಲ್ಲವೆಂದು ಸೋಮವಾರ ಆಸ್ಟಿನ್ನಿನ ಕಂಪನಿಗೆ ತಿಳಿಸಿದೆ. ತ್ಯಾಗ ಗೀಗ ಏನಿಲ್ಲ, ಹೊಟ್ಟೆ ಉರಿಯುತ್ತಲೇ ಇತ್ತು. ಸಂಜೆ ಅವನು ಅಡುಗೆಮನೆಯಲ್ಲಿ ಕಡಲೆಹಿಟ್ಟಿನ ಝುಣಕ ಮಗುಚುತ್ತಿದ್ದಾಗ ವಿಷಯ ಹೇಳಿದೆ.

"ಇಲ್ಲೇ ಇದ್ದರ ನಿನಗ ಬ್ಯಾಸರ ಆಗೂದಿಲ್ಲೇನು?" ಎಂದ.

"ಆಗುತ್ತೆ. ಆಗ ಇನ್ನೂ ಜೋರಾಗಿ ಜಗಳ ಆಡ್ತೀನಿ," ಎಂದೆ.

ಅವನು ಒಲೆ ಆರಿಸಿ, ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದ. ಕಟ್ಟಿದ್ದನ್ನೆಲ್ಲ ಎಲ್ಲಿ ಮತ್ತೆ ಬಿಟ್ಟು ಹೋಗಬೇಕಾಗುತ್ತದೋ ಎಂದು ಅವನಿಗೆ ಇಷ್ಟು ಭಯವಾಗಿತ್ತೆಂದು ಅಲ್ಲಿಯವರೆಗೆ ನನಗೆ ತಿಳಿದೇ ಇರಲಿಲ್ಲ.